ತಳಕ್ಕೆ ಇಳಿಯದ ರಕ್ತ

ಕೊಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಹೊರಟರೆ ಸಿಂಗಾನಲ್ಲೂರು, ಆಮೇಲೆ ಸೂಲೂರು, ಅದರಾಚೆ ತಿರುಪ್ಪೂರು ಜಿಲ್ಲೆಯ ಪಲ್ಲಡಂ. ಸೂಲೂರೆಂದರೆ ಹೊರಗಿನವರಿಗೆ ನೆನಪಾಗುವುದು ವಾಯುಪಡೆಯ ನೆಲೆ. ಮುಖ್ಯರಸ್ತೆ ಬಿಟ್ಟು ತೆಂಗಿನ ತೋಟಗಳ ಒಳಕ್ಕೆ ಹೊಕ್ಕರೆ ಬೇರೆಯದೇ ಲೋಕ. ಬಿಸಿಲು ನೇರ ಒಳಗೆ ಬೀಳದಿರಲೆಂದು ಪೂರ್ವ ಪಶ್ಚಿಮವಾಗಿ ಕಟ್ಟಿದ ಉದ್ದುದ್ದದ ಕೋಳಿ ಶೆಡ್ಡುಗಳು, ಪಕ್ಕಕ್ಕೆ ತಂತಿಬಲೆ, ನೆಲಕ್ಕೆ ತೆಂಗಿನ ನಾರಿನ ಪುಡಿ. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಆರು ವಾರದೊಳಗೆ ಕೋಳಿ ಲಾರಿ ಹತ್ತುತ್ತದೆ. ಅದರಲ್ಲಿ ದೊಡ್ಡ ಪಾಲು ವಾಳಯಾರು ದಾಟಿ ಕೇರಳಕ್ಕೆ ಹೋಗುತ್ತದೆ. ಬ್ರಾಯ್ಲರ್ ಕೋಳಿಯ ದಿನದ ಬೆಲೆಗೆ ದಕ್ಷಿಣದ ಪೇಟೆಯೆಲ್ಲ ಪಲ್ಲಡಂ ಕಡೆ ನೋಡುತ್ತದೆ.

ಒಂದೇ ಸೂರಿನಡಿ ಸಾವಿರಾರು ಹಕ್ಕಿಗಳು ಉಸಿರಾಡುವ ಕಡೆ ವೈರಾಣುವಿಗೆ ಕಷ್ಟವೇನಿಲ್ಲ. ಅವುಗಳಲ್ಲಿ ಹಳೆಯ ಶತ್ರು ರಾಣಿಖೇತ್. ನಮ್ಮ ಕಡೆ ಇದು ಕೊಕ್ಕರೆ ರೋಗ. ಸೂಲೂರಿನ ತಮಿಳರಿಗೆ ವೆಳ್ಳೈಕ್ಕಳಿಚ್ಚಲ್. ಪಶುವೈದ್ಯರ ಚೀಟಿಯಲ್ಲಿ ಆರ್.ಡಿ. ಎಂಬ ಎರಡಕ್ಷರ. ಬಾಯಿ ತೆರೆದು ಉಸಿರೆಳೆಯುವುದು, ಹಸಿರು ಬೆರೆತ ಭೇದಿ, ಬದುಕುಳಿದವುಗಳಲ್ಲಿ ತಿರುಚಿಕೊಂಡ ಕುತ್ತಿಗೆ, ಸೋತ ಕಾಲು ಇದರ ಗುರುತು. ಲಸಿಕೆ ಕಾಣದ ನಾಟಿ ಕೋಳಿಯ ಹಿಂಡಿಗೆ ರೋಗದ ಉಗ್ರ ತಳಿ ಹೊಕ್ಕರೆ ಕೆಲವೇ ದಿನಗಳಲ್ಲಿ ಹಿತ್ತಿಲು ಖಾಲಿ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ಈ ರೋಗ, ಅದರ ಬೆನ್ನಿಗೇ ಕುಮಾವೋನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಎದ್ದಿತು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯ ಜೆ.ಟಿ. ಎಡ್ವರ್ಡ್ಸ್ ಅದನ್ನು ವಿವರಿಸಿದರು. ಲೋಕವೆಲ್ಲ ನ್ಯೂಕ್ಯಾಸಲ್ ರೋಗ ಎಂದರೂ ನಮ್ಮ ದೇಶದಲ್ಲಿ ಬೆಟ್ಟದೂರಿನ ಹೆಸರೇ ಉಳಿಯಿತು.

ಈ ವೈರಾಣುವಿಗೆ ಒಂದು ವಿಚಿತ್ರ ಗುಣವಿದೆ. ಸೋಂಕು ತಗುಲಿದ ಮೊಟ್ಟೆಯೊಳಗಿನ ನೀರಿನಂಥ ದ್ರವಕ್ಕೆ ಕೋಳಿಯ ಕೆಂಪು ರಕ್ತಕಣಗಳನ್ನು ಬೆರೆಸಿದರೆ ಕಣಗಳು ಒಂದಕ್ಕೊಂದು ಸಿಕ್ಕಿಕೊಂಡು ಗುಂಪಾಗುತ್ತವೆ. ಸೂಕ್ಷ್ಮದರ್ಶಕ ಬೇಡ, ಬಣ್ಣ ಹಾಕುವುದು ಬೇಡ, ಬರಿಗಣ್ಣಿಗೆ ಕಾಣುತ್ತದೆ. ಇದಕ್ಕೆ ಹಿಮಾಗ್ಲುಟಿನೇಷನ್ ಎನ್ನುತ್ತಾರೆ. ಗಾಯದ ರಕ್ತ ಹೆಪ್ಪುಗಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಪ್ಪಿನಲ್ಲಿ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ನೇಯುತ್ತವೆ. ಇಲ್ಲಿ ಎಳೆಯೂ ಇಲ್ಲ, ಬಲೆಯೂ ಇಲ್ಲ. ರಕ್ತದ ಗುಂಪು ನೋಡುವಾಗ ಗಾಜಿನ ಮೇಲೆ ರಕ್ತ ಮುದ್ದೆಯಾಗುವುದನ್ನು ಕಂಡವರಿಗೆ ದೃಶ್ಯ ಪರಿಚಿತವೆನಿಸೀತು. ಅಲ್ಲಿ ಕಣಗಳನ್ನು ಜೋಡಿಸುವುದು ಪ್ರತಿಕಾಯ, ಇಲ್ಲಿ ಸ್ವತಃ ವೈರಾಣು.

ಕಂಡುಹಿಡಿದವರು ಇದನ್ನು ಹುಡುಕಿಕೊಂಡು ಹೊರಟವರಲ್ಲ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ರಯೋಗಾಲಯದಲ್ಲಿ ಜಾರ್ಜ್ ಹರ್ಸ್ಟ್ ಫ್ಲೂ ವೈರಾಣುವನ್ನು ಕೋಳಿ ಮೊಟ್ಟೆಯ ಭ್ರೂಣದಲ್ಲಿ ಬೆಳೆಸುತ್ತಿದ್ದರು. ದ್ರವ ಹೀರಿ ತೆಗೆಯುವಾಗ ಭ್ರೂಣದ ರಕ್ತನಾಳ ಹರಿದು ಒಂದಿಷ್ಟು ರಕ್ತ ಅದಕ್ಕೆ ಬೆರೆಯುವುದು ಮಾಮೂಲಿ. ಬೆರೆತ ರಕ್ತ ಕಣಕಣವಾಗಿ ಗುಂಪುಗೂಡಿದ್ದನ್ನು ಅವರು ಗಮನಿಸಿದರು. ಅದೇ ವರ್ಷ ಟೊರಾಂಟೋದಲ್ಲಿ ಮೆಕ್ಲೆಲೆಂಡ್ ಮತ್ತು ಹೇರ್ ಎಂಬಿಬ್ಬರೂ ಇದನ್ನೇ ಸ್ವತಂತ್ರವಾಗಿ ಕಂಡರು. ಮರುವರ್ಷ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್, ರಾಣಿಖೇತ್ ವೈರಾಣುವಿಗೂ ಇದೇ ಗುಣವಿದೆಯೆಂದು ತೋರಿಸಿದರು. ಅದುವರೆಗೆ ಮೊಟ್ಟೆಯೊಳಗೆ ವೈರಾಣು ಇದೆಯೋ ಇಲ್ಲವೋ ತಿಳಿಯಲು ಇನ್ನೊಂದು ಪ್ರಾಣಿಗೆ ಚುಚ್ಚಿ, ಅದು ಕಾಯಿಲೆ ಬೀಳುವವರೆಗೆ ಕಾಯಬೇಕಿತ್ತು. ದಿನಗಟ್ಟಲೆಯ ಕಾಯುವಿಕೆ ಒಂದು ಗಂಟೆಗೆ ಇಳಿಯಿತು.

ಹಿಡಿತ ಹೇಗೆ ಬರುತ್ತದೆ ನೋಡಿ. ರಕ್ತಕಣದ ಮೈಮೇಲೆ ಸಕ್ಕರೆಯ ಸರಪಳಿಗಳಿವೆ. ಅನೇಕ ಸರಪಳಿಗಳ ತುದಿಯಲ್ಲಿ ಸಯಾಲಿಕ್ ಆಮ್ಲವೆಂಬ ಅಣು ಇರುತ್ತದೆ. ಫ್ಲೂ ವೈರಾಣುವಿನ ಹೊರಮೈಯಲ್ಲಿ ಹಿಮಾಗ್ಲುಟಿನಿನ್ ಎಂಬ ಮುಳ್ಳುಗಳು, ರಾಣಿಖೇತ್ ವೈರಾಣುವಿನಲ್ಲಿ ಎಚ್‌.ಎನ್. ಎಂಬ ಮುಳ್ಳುಗಳು ಆ ತುದಿಯನ್ನು ಹಿಡಿಯುತ್ತವೆ. ಒಂದೊಂದು ಮುಳ್ಳಿನ ಹಿಡಿತ ತೀರ ದುರ್ಬಲ. ಹೊಲದಲ್ಲಿ ನಡೆದು ಬಂದವರ ಪಂಚೆಯ ಅಂಚಿಗೆ ಉತ್ತರಾಣಿ ಕಾಳು ಅಂಟಿಕೊಂಡಿರುತ್ತದಲ್ಲ, ಅದರಂತೆ ಒಂದೊಂದು ಕೊಕ್ಕೆಗೆ ಬಲವಿಲ್ಲ, ಹತ್ತಾರು ಸೇರಿದರೆ ಕೊಡವಿದರೂ ಬೀಳುವುದಿಲ್ಲ. ವೈರಾಣುವಿನ ಸುತ್ತಲೂ ಮುಳ್ಳಿರುವುದರಿಂದ ಒಂದು ಮಗ್ಗುಲು ಒಂದು ರಕ್ತಕಣಕ್ಕೆ, ಇನ್ನೊಂದು ಮಗ್ಗುಲು ಪಕ್ಕದ ರಕ್ತಕಣಕ್ಕೆ ಅಂಟಿ ಸೇತುವೆಯಾಗುತ್ತದೆ. ಕೋಳಿಯ ರಕ್ತಕಣ ಸುಮಾರು 12 ಮೈಕ್ರೋಮೀಟರ್ ಉದ್ದದ ಅಂಡಾಕಾರದ ಕೋಶ; ಫ್ಲೂ ವೈರಾಣುವಿನ ಅಡ್ಡಳತೆ ಅದರ ನೂರರಲ್ಲಿ ಒಂದು ಪಾಲು. ಇಷ್ಟು ಸಣ್ಣದು ಅಷ್ಟು ದೊಡ್ಡದನ್ನು ಜೋಡಿಸಬೇಕಾದರೆ ಲೆಕ್ಕವಿಲ್ಲದಷ್ಟು ಸೇತುವೆ ಬೇಕು. ಆದ್ದರಿಂದಲೇ ಕಣ್ಣಿಗೆ ಕಾಣುವಷ್ಟು ರಕ್ತ ಗುಂಪಾಗಲು ಲಕ್ಷಗಟ್ಟಲೆ ವೈರಾಣುಗಳು ಬೇಕಾಗುತ್ತವೆ. ಪಿ.ಸಿ.ಆರ್. ಕೆಲವೇ ಕೆಲವನ್ನು ಹಿಡಿಯಬಲ್ಲದು. ಈ ಪರೀಕ್ಷೆ ಅಷ್ಟು ಸೂಕ್ಷ್ಮವಲ್ಲ. ಮೊದಲು ಮೊಟ್ಟೆಯಲ್ಲಿ ಬೆಳೆಸಿಕೊಂಡೇ ಮುಂದಿನ ಕೆಲಸ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ವೈರಾಣು ಕೋಳಿಯ ಮೈಯೊಳಗೆ ರಕ್ತವನ್ನು ಗಟ್ಟಿಮಾಡಿ ಕೊಲ್ಲುತ್ತದೆಂದು ಹಲವರು ನಂಬಿದ್ದಾರೆ. ಹಾಗಲ್ಲ. ವೈರಾಣುವಿಗೆ ಬೇಕಾದದ್ದು ಶ್ವಾಸನಾಳದ, ಕರುಳಿನ, ನರದ ಜೀವಕೋಶಗಳು. ಅವುಗಳ ಮೈಮೇಲೂ ಸಯಾಲಿಕ್ ಆಮ್ಲವಿದೆ. ರಕ್ತಕಣದ ಮೇಲೆಯೂ ಅದೇ ಇರುವುದರಿಂದ ವೈರಾಣು ಮೋಸಹೋಗಿ ಅಂಟಿಕೊಳ್ಳುತ್ತದೆ, ಅಷ್ಟೆ. ನಳಿಗೆಯಲ್ಲಿ ಕಾಣುವ ಮುದ್ದೆ ರೋಗವಲ್ಲ. ರೋಗ ಶುರುವಾಗುವ ಮೊದಲ ಹೆಜ್ಜೆಯ ನಕಲು. ನನ್ನ ಮಟ್ಟಿಗೆ ಈ ಪರೀಕ್ಷೆಯ ಸೊಗಸೆಲ್ಲ ಇರುವುದು ಇಲ್ಲಿ: ಕಣ್ಣಿಗೆ ಕಾಣದ ಹಿಡಿತವೊಂದನ್ನು ಕಣ್ಣಿಗೆ ಕಾಣುವ ರಕ್ತದ ಮೇಲೆ ತಂದು ತೋರಿಸುತ್ತದೆ.

ಹರ್ಸ್ಟ್ ಇನ್ನೂ ಒಂದು ಸಂಗತಿ ಗಮನಿಸಿದ್ದರು. ತಣ್ಣಗಿರುವಾಗ ವೈರಾಣು ರಕ್ತಕಣಕ್ಕೆ ಅಂಟಿ ಕೂರುತ್ತದೆ. 37 ಡಿಗ್ರಿಗೆ ಕಾಯಿಸಿದರೆ ತಾನೇ ಬಿಟ್ಟು ಈಚೆ ಬರುತ್ತದೆ. ಬಿಟ್ಟ ವೈರಾಣು ಹೊಸ ರಕ್ತಕಣ ಕೊಟ್ಟರೆ ಮತ್ತೆ ಹಿಡಿಯುತ್ತದೆ. ಆದರೆ ಒಮ್ಮೆ ಹಿಡಿದು ಬಿಟ್ಟ ರಕ್ತಕಣಗಳನ್ನು ಅದೇ ವೈರಾಣು ಮತ್ತೆ ಗುಂಪುಮಾಡಲಾರದು. ಅಂದರೆ ವೈರಾಣು ಹೋಗುವಾಗ ಏನನ್ನೋ ಕತ್ತರಿಸಿಕೊಂಡು ಹೋಗಿದೆ. ಮೆಲ್ಬರ್ನಿನಲ್ಲಿ ಬರ್ನೆಟ್ ತಂಡ, ಆಮೇಲೆ ಅಲ್ಲಿಯೇ ಇದ್ದ ಆಲ್ಫ್ರೆಡ್ ಗಾಟ್ಶಾಕ್, ಈ ಕತ್ತರಿಯ ಬೆನ್ನು ಬಿದ್ದರು. ಕಾಲರಾ ರೋಗಾಣುವಿನ ದ್ರವಕ್ಕೂ ಇದೇ ಶಕ್ತಿಯಿರುವುದು ತಿಳಿಯಿತು. ಸಕ್ಕರೆ ಸರಪಳಿಯ ತುದಿಯಿಂದ ಸಯಾಲಿಕ್ ಆಮ್ಲವನ್ನು ಕಡಿಯುವ ಆ ಕಿಣ್ವಕ್ಕೆ ನ್ಯೂರಮಿನಿಡೇಸ್ ಎಂಬ ಹೆಸರು ನಿಂತಿತು. ಸೋಂಕಿತ ಕೋಶದಿಂದ ಹೊರಬರುವ ಹೊಸ ವೈರಾಣುಗಳು ಆ ಕೋಶಕ್ಕೇ ಅಂಟಿಕೊಂಡು ಉಳಿಯದಂತೆ ಬಿಡಿಸುವುದು ಇದರ ಕೆಲಸ. ಹಕ್ಕಿಜ್ವರದ ಸುದ್ದಿಯಲ್ಲಿ ಓದುವ ಎಚ್‌5ಎನ್‌1 ಎಂಬುದರಲ್ಲಿ ಎಚ್‌ ಹಿಡಿಯುವ ಮುಳ್ಳು, ಎನ್‌ ಕಡಿಯುವ ಕತ್ತರಿ. ರಾಣಿಖೇತ್ ವೈರಾಣುವಿನಲ್ಲಿ ಎರಡೂ ಕೆಲಸ ಒಂದೇ ಪ್ರೋಟೀನಿನದು. 1999ರಲ್ಲಿ ಬಳಕೆಗೆ ಬಂದ ಟಾಮಿಫ್ಲೂ ಮಾತ್ರೆ ತಡೆಯುವುದು ಫ್ಲೂ ವೈರಾಣುವಿನ ಈ ಕತ್ತರಿಯನ್ನೇ. ಮೊಟ್ಟೆಯ ದ್ರವದಲ್ಲಿ ರಕ್ತ ಗುಂಪಾದದ್ದನ್ನು ನೋಡಿದಲ್ಲಿಂದ ಔಷಧದಂಗಡಿಯ ಮಾತ್ರೆಯವರೆಗೆ ದಾರಿ ನೇರವಾಗಿಯೇ ಇದೆ.

ಪ್ರಯೋಗಾಲಯದ ಮೇಜಿನ ಬಳಿ ಬರೋಣ. ಪರೀಕ್ಷೆಗೆ ಬೇಕಾದದ್ದು 96 ಕುಳಿಗಳಿರುವ, ಕೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಪ್ರತಿ ಕುಳಿಯ ತಳ ಇಂಗ್ಲಿಷಿನ ವಿ ಅಕ್ಷರದಂತೆ ಚೂಪು. ಆರೋಗ್ಯವಂತ ಕೋಳಿಗಳ ರೆಕ್ಕೆಯಡಿಯ ನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಆಲ್ಸೀವರ್ ದ್ರಾವಣದಲ್ಲಿ ಹಿಡಿದು, ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ನೂರಕ್ಕೆ ಒಂದು ಪಾಲು ರಕ್ತಕಣ ಇರುವಂತೆ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಒಂದೇ ಕೋಳಿಯ ರಕ್ತ ನೆಚ್ಚುವಂತಿಲ್ಲ. ಕನಿಷ್ಠ ಮೂರರದ್ದು ಬೆರೆಸಬೇಕು. ಮೊದಲ ಕುಳಿಯಲ್ಲಿ ವೈರಾಣುವಿನ ದ್ರವ, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಕಾಲು, ಹೀಗೆ ಸಾಲಿನುದ್ದಕ್ಕೂ ಅರ್ಧರ್ಧವಾಗಿ ಇಳಿಸುತ್ತ ಹೋಗಿ, ಎಲ್ಲಕ್ಕೂ ಒಂದೇ ಅಳತೆಯ ರಕ್ತಕಣ ಹಾಕಿ ಸುಮಾರು 40 ನಿಮಿಷ ಅಲುಗಿಸದೆ ಬಿಡುತ್ತಾರೆ.

ವೈರಾಣು ಇಲ್ಲದ ಕುಳಿಯಲ್ಲಿ ರಕ್ತಕಣಗಳು ಜಾರಿ ತಳದ ಚೂಪಿನಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ವೈರಾಣು ಇದ್ದ ಕಡೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಕಣಗಳು ಜಾರಲಾರದೆ ಗೋಡೆಯುದ್ದಕ್ಕೂ ತೆಳ್ಳನೆಯ ಪೊರೆಯಾಗಿ ಹರಡಿ ನಿಲ್ಲುತ್ತವೆ. ಅನುಮಾನವಿದ್ದರೆ ತಟ್ಟೆಯನ್ನು ವಾಲಿಸಬೇಕು. ಬಿಡಿ ಕಣಗಳಿದ್ದರೆ ಗುಂಡಿಯಿಂದ ಕಣ್ಣೀರಿನ ಗೆರೆಯಂತೆ ಕೆಂಪು ಇಳಿಯುತ್ತದೆ, ಪೊರೆ ಇಳಿಯುವುದಿಲ್ಲ. ಪೂರ್ತಿ ಗುಂಪಾದ ಕೊನೆಯ ಕುಳಿ 128ರಲ್ಲಿ ಒಂದು ಪಾಲಿನದ್ದಾದರೆ ಆ ದ್ರವದ ಬಲ 128 ಎಂದು ಬರೆದುಕೊಳ್ಳುತ್ತಾರೆ. ಕೋಳಿಯ ರಕ್ತಕಣದೊಳಗೆ ಮನುಷ್ಯರ ರಕ್ತಕಣದಲ್ಲಿಲ್ಲದ ಕೋಶಕೇಂದ್ರವಿದ್ದು, ಅದು ಭಾರವಾಗಿರುವುದರಿಂದ ಬೇಗ ತಳ ಸೇರುತ್ತದೆ. ಅದೂ ಅನುಕೂಲವೇ. ಆದರೆ ಏಪ್ರಿಲ್ ತಿಂಗಳ ಕೊಯಮತ್ತೂರು ಸೀಮೆಯ ಸೆಕೆಯಲ್ಲಿ ಮೇಲೆ ಹೇಳಿದ ಕತ್ತರಿ ಚುರುಕಾಗಿ, ಓದುವಷ್ಟರಲ್ಲಿ ಪೊರೆ ಜಾರಿಬಿಡುತ್ತದೆ. ಆಗ ತಟ್ಟೆಯನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿ ಒಂದು ಗಂಟೆ ಇಡಬೇಕೆಂದು ಪಶು ಆರೋಗ್ಯದ ಅಂತಾರಾಷ್ಟ್ರೀಯ ಕೈಪಿಡಿಯೇ ಹೇಳುತ್ತದೆ.

ರಕ್ತ ಗುಂಪಾಯಿತು ಎಂದಾಕ್ಷಣ ರಾಣಿಖೇತ್ ಎಂದು ಸಾರುವಂತಿಲ್ಲ. ಹಕ್ಕಿಜ್ವರದ ವೈರಾಣುವೂ ಹೀಗೇ ಮಾಡುತ್ತದೆ. ಮೊಟ್ಟೆ ಇಳುವರಿ ಕುಸಿಯುವಂತೆ ಮಾಡುವ ಒಂದು ಅಡಿನೋ ವೈರಾಣುವೂ ಮಾಡುತ್ತದೆ. ಯಾರೆಂದು ಕೇಳಲು ಪ್ರತಿಕಾಯ ಬೇಕು. ರಾಣಿಖೇತ್ ವಿರುದ್ಧದ ಪ್ರತಿಕಾಯವಿರುವ ಸೀರಂ ಹಾಕಿದಾಗ ಮುಳ್ಳುಗಳು ಮುಚ್ಚಿಹೋಗಿ ರಕ್ತ ಗುಂಪಾಗುವುದು ನಿಂತರೆ ಅದು ರಾಣಿಖೇತ್. ನಿಲ್ಲದಿದ್ದರೆ, ಶೆಡ್ಡಿನಲ್ಲಿ ಸಾವೂ ಹೆಚ್ಚಾಗಿದ್ದರೆ, ಸ್ಥಳೀಯ ಪ್ರಯೋಗಾಲಯ ಕೈಕಟ್ಟಿ ನಿಲ್ಲಬೇಕು. ಹಕ್ಕಿಜ್ವರವನ್ನು ಖಚಿತಪಡಿಸುವ ಕೆಲಸ ಭೋಪಾಲದ ಬಿಗಿ ಸುರಕ್ಷತೆಯ ಪ್ರಯೋಗಾಲಯದ್ದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಾಗ ಎಚ್‌5ಎನ್‌1 ಎಂದು ಉತ್ತರ ಬಂದದ್ದೂ ಅಲ್ಲಿಂದಲೇ.

ಈ ಹಿಡಿತದ ಆಟ ಕೋಳಿಗಷ್ಟೇ ಸೀಮಿತವಲ್ಲ. ನಾಯಿಮರಿಗಳನ್ನು ರಕ್ತಭೇದಿಯಲ್ಲಿ ಕೊಲ್ಲುವ ಪಾರ್ವೊ ವೈರಾಣು ಹಂದಿಯ ರಕ್ತಕಣವನ್ನು ತಣ್ಣಗಿರುವಾಗ ಗುಂಪುಮಾಡುತ್ತದೆ. ಸಿಡುಬಿನ ಲಸಿಕೆಯ ವೈರಾಣುವಿನ ಹುಚ್ಚು ಇನ್ನೊಂದು ಬಗೆಯದು; ಕೆಲವು ಕೋಳಿಗಳ ರಕ್ತ ಅದಕ್ಕೆ ಸೇರುತ್ತದೆ, ಕೆಲವುಗಳದು ಸೇರುವುದಿಲ್ಲ. ನಮಗೆ ಹೆಚ್ಚು ಹತ್ತಿರದ ಉದಾಹರಣೆ ಮಲೆನಾಡಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದರು. ಉಣ್ಣೆಯಿಂದ ಹರಡುವ ಆ ವೈರಾಣುವಿನ ಕುಟುಂಬಕ್ಕೆ ಹೆಬ್ಬಾತಿನ ರಕ್ತಕಣ ಬೇಕು, ಜೊತೆಗೆ ದ್ರಾವಣದ ಆಮ್ಲೀಯತೆ ತೀರ ಇಕ್ಕಟ್ಟಾದ ಒಂದು ಮಟ್ಟದಲ್ಲಿರಬೇಕು. ಅತ್ತಿತ್ತ ಸರಿದರೆ ಹಿಡಿತವೇ ಇಲ್ಲ. ರೋಗಿಯ ಸೀರಂನಲ್ಲಿ ತಾನಾಗಿಯೇ ಇರುವ ಅಡ್ಡಿಗಳನ್ನು ಕಯೋಲಿನ್ ಜೇಡಿಯಿಂದ ತೊಳೆದು ತೆಗೆಯಬೇಕು. ಇಷ್ಟು ರಗಳೆಯಿದ್ದರೂ ಆ ಕಾಲದಲ್ಲಿ ಯಾವ ಊರಿನ ಯಾರ ಮೈಯಲ್ಲಿ ಇಂಥ ವೈರಾಣು ಹಾದುಹೋಗಿದೆ ಎಂದು ಸಾವಿರಾರು ಸೀರಂಗಳಲ್ಲಿ ಹುಡುಕಲು ಇದಕ್ಕಿಂತ ಅಗ್ಗದ ಉಪಾಯ ಇರಲಿಲ್ಲ. ಹಂದಿಗಳ ಆಫ್ರಿಕನ್ ಜ್ವರದಲ್ಲಿ ಮಾತ್ರ ನೋಟ ಬೇರೆ: ಅಲ್ಲಿ ಬಿಡಿ ವೈರಾಣುವಿನ ಬದಲು ಸೋಂಕಿತ ಕೋಶದ ಸುತ್ತಲೇ ರಕ್ತಕಣಗಳು ಹೂವಿನ ದಳದಂತೆ ಬಂದು ಕೂರುತ್ತವೆ.

ಸೂಲೂರು ಪಲ್ಲಡಂ ಸೀಮೆಯಲ್ಲಿ ಈ ಪರೀಕ್ಷೆಯ ನಿಜವಾದ ಉಪಯೋಗ ರೋಗ ಗುರುತಿಸುವುದಕ್ಕಿಂತ ಲಸಿಕೆ ಹತ್ತಿದೆಯೇ ಎಂದು ನೋಡುವುದರಲ್ಲಿದೆ. ಇಲ್ಲಿ ಲೆಕ್ಕ ತಿರುವುಮುರುವು. ವೈರಾಣುವನ್ನು ನಾಲ್ಕು ಘಟಕದ ಬಲಕ್ಕೆ ಇಳಿಸಿ ಎಲ್ಲ ಕುಳಿಗೂ ಸಮನಾಗಿ ಹಾಕುತ್ತಾರೆ. ಮೇಲೆ ಹೇಳಿದ 128ರ ದ್ರವವಾದರೆ 32 ಪಟ್ಟು ತೆಳ್ಳಗೆ ಮಾಡಿದರೆ ಸರಿಹೋಗುತ್ತದೆ. ಈಗ ಅರ್ಧರ್ಧವಾಗಿ ಇಳಿಸುವುದು ಕೋಳಿಯ ಸೀರಂ. ಯಾವ ಕುಳಿಯವರೆಗೆ ರಕ್ತಕಣ ನಿರಾಳವಾಗಿ ತಳಕ್ಕಿಳಿಯಿತೋ ಅದು ಪ್ರತಿಕಾಯದ ಅಳತೆ, ಫಾರಂನವರ ಬಾಯಲ್ಲಿ ಟೈಟರ್. 16ರಲ್ಲಿ ಒಂದು ಪಾಲಿಗೆ ಇಳಿಸಿದರೂ ತಡೆದರೆ ಪ್ರತಿಕಾಯ ಇದೆಯೆಂದು ಒಪ್ಪುತ್ತಾರೆ.

ಮರಿಗೆ ಮೊದಲ ಲಸಿಕೆ ಯಾವಾಗ ಎಂಬ ಪ್ರಶ್ನೆಗೂ ಉತ್ತರ ಈ ತಟ್ಟೆಯಲ್ಲೇ. ತಾಯಿ ಕೋಳಿಯ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬಂದಿರುತ್ತದೆ, ನಾಲ್ಕೈದು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಅದು ಗಟ್ಟಿಯಾಗಿರುವಾಗ ಲಸಿಕೆ ಕೊಟ್ಟರೆ ತಾಯಿಯ ಪ್ರತಿಕಾಯ ಲಸಿಕೆಯನ್ನೇ ನುಂಗಿಹಾಕುತ್ತದೆ. ತೀರ ತಡಮಾಡಿದರೆ ನಡುವಿನ ದಿನಗಳಲ್ಲಿ ರೋಗ ನುಗ್ಗುತ್ತದೆ. ಐದರಿಂದ ಏಳನೆಯ ದಿನ ಕಣ್ಣಿಗೆ ಒಂದು ಹನಿ ಎಂಬ ರೂಢಿ ಈ ಇಕ್ಕಟ್ಟಿನಿಂದ ಬಂದದ್ದು. ಕಣ್ಣಿನ ಹಿಂದಿನ ಗ್ರಂಥಿಯಲ್ಲಿ ಸ್ಥಳೀಯ ರಕ್ಷಣೆ ಹುಟ್ಟುವುದರಿಂದ ರಕ್ತದಲ್ಲಿನ ತಾಯಿಯ ಪ್ರತಿಕಾಯ ಅದಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ದೊಡ್ಡ ಕೋಳಿಗೆ ಚುಚ್ಚುವ ಆರ್‌2ಬಿ ಲಸಿಕೆ 1940ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಪಳಗಿದ ವೈರಾಣುವಿನದು. ಬೆಂಗಳೂರಿನ ಹೆಬ್ಬಾಳದ ಸಂಸ್ಥೆ, ತಮಿಳುನಾಡಿನ ರಾಣಿಪೇಟೆಯ ಸಂಸ್ಥೆ ಎರಡೂ ರಾಣಿಖೇತ್ ಲಸಿಕೆ ತಯಾರಿಸುತ್ತವೆ. ಫ್ರಿಜ್ಜಿಲ್ಲದ ಹಿತ್ತಿಲಿನ ನಾಟಿ ಕೋಳಿಗಳಿಗೆಂದು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯ ತಿನ್ನಿಸುವ ಗುಳಿಗೆ ಲಸಿಕೆಯನ್ನೂ ರೂಪಿಸಿದೆ.

ಟೈಟರ್ ಸಂಖ್ಯೆ ಕೈಗೆ ಬಂದಾಗ ಅದನ್ನು ಓದುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ವರದಿಯ ಕೊನೆಯಲ್ಲಿ ಬರೆದ ಸರಾಸರಿಯನ್ನಷ್ಟೇ ನೋಡಿ ನಿಶ್ಚಿಂತರಾಗುವವರೇ ಹೆಚ್ಚು. ಇಪ್ಪತ್ತು ಕೋಳಿಗಳಲ್ಲಿ ಹತ್ತಕ್ಕೆ 256, ಉಳಿದ ಹತ್ತಕ್ಕೆ ಬರೀ 4 ಬಂದಿದೆ ಎನ್ನಿ. ಅರ್ಧರ್ಧದ ಮೆಟ್ಟಿಲಿನಲ್ಲಿ ಎಣಿಸಿದರೆ ಸರಾಸರಿ 32. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಶೆಡ್ಡಿನಲ್ಲಿ ಅರ್ಧ ಕೋಳಿಗಳಿಗೆ ಕಣ್ಣುಹನಿ ಬಿದ್ದೇ ಇಲ್ಲ. ಇದಕ್ಕೆ ಲಸಿಕೆಯನ್ನು ಬೈದು ಪ್ರಯೋಜನವಿಲ್ಲ; ಬೆಳಗಿನ ಜಾವ ಅವಸರದಲ್ಲಿ ಮರಿ ಹಿಡಿದ ಕೈಯನ್ನು ಕೇಳಬೇಕು. ಇನ್ನೊಂದು ಮಿತಿಯೂ ಇದೆ. ಈ ಪರೀಕ್ಷೆ ಅಳೆಯುವುದು ಹಿಡಿತವನ್ನು ತಡೆಯುವ ಪ್ರತಿಕಾಯವನ್ನಷ್ಟೇ. ಹಿಡಿದ ಮೇಲೆ ಕೋಶದೊಳಕ್ಕೆ ನುಗ್ಗಿಸುವ ಎಫ್ ಎಂಬ ಇನ್ನೊಂದು ಪ್ರೋಟೀನು ರಾಣಿಖೇತ್ ವೈರಾಣುವಿಗಿದೆ. ಅದು ಎಷ್ಟು ಸುಲಭವಾಗಿ ಸೀಳಿಕೊಳ್ಳುತ್ತದೆ ಎಂಬುದರ ಮೇಲೆ ತಳಿ ಉಗ್ರವೋ ಸೌಮ್ಯವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಲಸಿಕೆಯ ಸೌಮ್ಯ ವೈರಾಣುವೂ ಕೊಲ್ಲುವ ವೈರಾಣುವೂ ರಕ್ತವನ್ನು ಒಂದೇ ರೀತಿ ಗುಂಪುಮಾಡುತ್ತವೆ. ಎರಡನ್ನು ಬೇರ್ಪಡಿಸಲು ಎಫ್ ಜೀನನ್ನು ಓದಬೇಕು. ಆ ಕೆಲಸ ಪಿ.ಸಿ.ಆರ್. ಮತ್ತು ಜೀನ್ ಓದುವ ಯಂತ್ರದ್ದು, ರಕ್ತಕಣದ್ದಲ್ಲ.

ಆದರೂ ದಿನನಿತ್ಯದ ಪ್ರಶ್ನೆಗೆ, ಅಂದರೆ ನನ್ನ ಕೋಳಿಗಳಿಗೆ ಲಸಿಕೆ ಹತ್ತಿದೆಯೋ ಇಲ್ಲವೋ ಎಂಬುದಕ್ಕೆ, ಎಂಬತ್ತು ವರ್ಷ ದಾಟಿದ ಈ ಪರೀಕ್ಷೆಯಷ್ಟು ಅಗ್ಗದ ಉತ್ತರ ಇನ್ನೊಂದಿಲ್ಲ. ಕೋಳಿ ಸಾಕುವವರು ಇದನ್ನು ಓದುತ್ತಿದ್ದರೆ ಒಂದೆರಡು ಮಾತು. ರಕ್ತ ಕಳಿಸುವಾಗ ಕೈಗೆ ಸಿಕ್ಕ ಎರಡು ಮೂರು ಕೋಳಿಯದ್ದು ಕಳಿಸಬೇಡಿ. ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ಇಪ್ಪತ್ತರದ್ದಾದರೂ ತೆಗೆಸಿ. ನಳಿಗೆಯನ್ನು ಓರೆಯಾಗಿ ಇಟ್ಟು, ಅಲುಗಾಡಿಸದೆ, ಸೀರಂ ಬೇರೆಯಾದ ಮೇಲೆ ಅದನ್ನಷ್ಟೇ ತಂಪಿನಲ್ಲಿ ಕೊಂಡೊಯ್ಯಿರಿ. ಇಡೀ ರಕ್ತವನ್ನು ಫ್ರೀಜರಿನಲ್ಲಿಟ್ಟರೆ ಕಣ ಒಡೆದು ಪರೀಕ್ಷೆ ಕೆಡುತ್ತದೆ. ಕಾಯಿಲೆಯ ಅನುಮಾನವಿದ್ದರೆ ಈಗೊಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಕೊಡಿ. ಒಂದೇ ಸಂಖ್ಯೆಗಿಂತ ಎರಡರ ನಡುವಿನ ಏರಿಕೆ ಹೆಚ್ಚು ಹೇಳುತ್ತದೆ. ಒಂದೇ ದಿನ ಗುಂಪುಗುಂಪಾಗಿ ಕೋಳಿ ಸತ್ತರೆ ಮಾತ್ರ ಸತ್ತದ್ದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ಶೆಡ್ಡಿನ ಬಾಗಿಲು ಮುಚ್ಚಿ, ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವವರೆಗೆ ಯಾರನ್ನೂ ಒಳಗೆ ಬಿಡಬೇಡಿ.